ಪುರಾವೆಗೆ ಬೇಕಾದ ಫೋಟೋಗಳು

ಮೊನ್ನೆ ಆರ್.ಟಿ. ನಗರದ ರೊಟ್ಟಿ ಅಂಗಡಿಯಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಂಡೆ. ಮನೆಗೆ ಬಂದು ಬಿಚ್ಚಿದರೆ ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯಿತು. ಅಷ್ಟೇ... ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಹುಡುಗಿ ಚಟ್ನಿಪುಡಿ ಕುಟ್ಟುತ್ತಾ ಎದುರಿಗೇ ಕೂತಂತಾಯಿತು.

ಅವಳು ಹೆಬ್ಬಾಳದ ಹತ್ತಿರದ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಗಂಡ ಕೆನಡಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ತಿಂಗಳಿಗೇ ಅವನು ಹೊರಟುಹೋಗಿದ್ದ. ಇವಳು ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು. ಸಂಜೆ ಕೆಲಸ ಮುಗಿಸಿ ನೇರ ನಮ್ಮ ಅಡುಗೆಮನೆಗೇ ಬರುವಳು. ನಾನು ಸೊಪ್ಪು ಬಿಡಿಸುತ್ತಿದ್ದರೆ ಎದುರು ಕೂತು ತಾನೂ ಬಿಡಿಸುವಳು. ಫೋನ್ ಬಂತೆಂದರೆ ಮಾತ್ರ ಎಲ್ಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿಬಿಡುವಳು. ಮೇಲಿಂದ ಬರುವ ನಗು ಕೇಳುತ್ತಾ, ಅವಳು ಬಿಟ್ಟುಹೋದ ದಂಟುಗಳನ್ನು ನಾನು ಬಿಡಿಸುತ್ತಿದ್ದೆ. ಅಷ್ಟು ದೂರದಿಂದ ದಿನಾ ಏನು ಮಾತಾಡುತ್ತಾನಪ್ಪ ಇವನು? ಒಂದೇ ಮನೆಯಲ್ಲಿರುವ ನಮ್ಮವರಿಗೆ 'ಮೋಟಾರ್ ಹಾಕಿದೆಯಾ, ಗೇಟ್ ಹಾಕಿದೆಯಾ' ಬಿಟ್ಟರೆ ಮಾತೇ ಹೊರಡುತ್ತಿರಲಿಲ್ಲ.

ಒಂದು ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದಳು.

"ಅಕ್ಕಾರ, ನಾವು ಗಂಡಾ ಹೆಂಡ್ತಿ ಹೌದೋ ಅಲ್ಲೋ ಅಂತ ಕೇಳ್ಯಾರ್ರೀ!"

ವೀಸಾ ಕಚೇರಿಯವರು ಮದುವೆಯ ಸರ್ಟಿಫಿಕೇಟು, ಲಗ್ನಪತ್ರಿಕೆ ಸಾಲದು ಎಂದಿದ್ದರು. ಇವರದು ನಿಜವಾದ ಸಂಸಾರ ಎನ್ನುವುದಕ್ಕೆ ಇನ್ನಷ್ಟು ಪುರಾವೆ ಕೊಡದಿದ್ದರೆ ಅರ್ಜಿ ತಿರಸ್ಕಾರವಾಗಬಹುದಂತೆ. ಅವಳು ಮದುವೆಯ ಆಲ್ಬಮ್ ತಂದು ನನ್ನ ಮುಂದಿಟ್ಟಳು. ಎಲ್ಲ ಫೋಟೋದಲ್ಲೂ ಅವನು ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಾನೆ, ಇವಳು ನೆಲ ನೋಡುತ್ತಿದ್ದಾಳೆ, ನಡುವೆ ಯಾರಾದರೊಬ್ಬ ಅತ್ತೆಯೋ ಚಿಕ್ಕಮ್ಮನೋ. ಒಂದರಲ್ಲಂತೂ ಸೋದರಮಾವನ ಹೊಟ್ಟೆ ಇಬ್ಬರನ್ನೂ ಅರ್ಧ ಮರೆಮಾಡಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ನಗ್ರಿ, ನಗ್ರಿ. ಹಿರ್‍ಯಾರ ಮುಂದ ಗಂಡನ ಮಾರಿ ನೋಡಿದ್ರ ಬೈತಾರಂತ ತಲಿ ಬಗ್ಗಿಸಿ ನಿಂತೆ. ಈಗ ಅದ ಕುತ್ತಿಗಿಗೆ ಬಂತು."

ಗಂಡ ಎರಡು ವಾರ ರಜೆ ಹಾಕಿ ಬಂದ. ಮನೆಯಲ್ಲಿ ಇರುವ ಹಾಗೇ ಇರುವ ಫೋಟೋ ಬೇಕು, ಸ್ಟುಡಿಯೋದ್ದು ಬೇಡ ಎಂದು ವೀಸಾ ಏಜೆಂಟ್ ಹೇಳಿದ್ದನಂತೆ. ನನ್ನ ಫೋನಿನಲ್ಲಿ ಚೆನ್ನಾಗಿ ಬರುತ್ತದೆಂದು ಆ ಕೆಲಸ ನನ್ನ ಪಾಲಿಗೆ ಬಂತು.

ತಾರಸಿಯಲ್ಲಿ ಮೊದಲ ಫೋಟೋ. ಒಗೆದ ಬಟ್ಟೆಯ ಬಕೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು.

"ಸ್ವಲ್ಪ ಹತ್ರ ಬನ್ರೀ, ಮೇಖ್ರಿ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯೋರ ಥರ ನಿಂತಿದ್ದೀರಲ್ಲ!" ಎಂದೆ.

"ನೀವು ನೋಡಾಕತ್ತೀರಿ, ನಾಚಿಕಿ ಬರ್ತೈತ್ರಿ ಅಕ್ಕಾರ," ಎಂದ ಅವನು.

"ನಾಚ್ಕೊಂಡ್ರೆ ವೀಸಾ ಬರಲ್ಲ ಕಣಪ್ಪ."

ಅವಳು ನಗುತ್ತಾ ಬಟ್ಟೆ ಹರವತೊಡಗಿದಳು. ಎರಡೂ ಕೈಯಲ್ಲಿ ಒದ್ದೆ ಸೀರೆ, ಹಲ್ಲಿನ ನಡುವೆ ಕ್ಲಿಪ್ಪು. ಯಾರೂ ಹೇಳಿರಲಿಲ್ಲ, ಅವನು ಆ ಕ್ಲಿಪ್ಪನ್ನು ಅವಳ ಬಾಯಿಂದ ಮೆಲ್ಲಗೆ ತೆಗೆದು ಸೀರೆಗೆ ಸಿಕ್ಕಿಸಿದ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ನಾನು ಫೋಟೋ ತೆಗೆದೆ. ಇಷ್ಟು ವರ್ಷ ಅದೇ ತಂತಿಯ ಮೇಲೆ ಬಟ್ಟೆ ಹರವಿದ್ದೇನೆ, ನನ್ನ ಬಾಯಲ್ಲಿನ ಕ್ಲಿಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ನಮ್ಮವರು ಟ್ಯಾಂಕಿನ ನೀರು ನೋಡಲು ಮೇಲೆ ಬಂದರು. "ಬರ್ರಿ ಅಣ್ಣಾರ, ಅಕ್ಕಾರ ಜೋಡಿ ನಿಲ್ರಿ, ನಿಮ್ದೂ ಒಂದು ತೆಗೀತೀನಿ," ಎಂದು ಅವಳು ಕರೆದಳು. ನಾನು ಸೆರಗು ಸರಿಮಾಡಿಕೊಂಡೆ.

"ನಮಗ್ಯಾಕಮ್ಮ? ನಾವ್ಯಾವ ದೇಶಕ್ಕೆ ಹೋಗ್ಬೇಕು?" ಎಂದು ನಮ್ಮವರು ಟ್ಯಾಂಕಿನ ಮುಚ್ಚಳ ಮುಚ್ಚಿ ಇಳಿದುಹೋದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಎರಡು ವಾರ ನನಗೆ ನೆಮ್ಮದಿಯಿರಲಿಲ್ಲ. ಅವನು ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದ್ದು, ಹೆಬ್ಬಾಳ ಕೆರೆಯ ಹತ್ತಿರ ಅವಳ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದು, ಎಲ್ಲ ನಾನೇ ತೆಗೆದೆ. ವೀಸಾ ಕಚೇರಿಯವರಿಗೆ ತೋರಿಸುವ ನಾಟಕ ಇದು ಎಂದು ಮನಸ್ಸಿಗೆ ಹೇಳಿಕೊಂಡೆ, ಮನಸ್ಸು ಒಪ್ಪಲಿಲ್ಲ. ಸಂಜೆ ಸೊಪ್ಪು ಬಿಡಿಸಲು ಅವಳು ಬರುತ್ತಿರಲಿಲ್ಲ. ಅದೂ ಒಂದು ಉರಿ. ಅವಳ ಮೇಲೋ, ಅವಳನ್ನು ನನ್ನಿಂದ ಕಿತ್ತುಕೊಂಡ ಅವನ ಮೇಲೋ...

ಮಳೆಗಾಲ ಕಳೆಯುವ ಹೊತ್ತಿಗೆ ವೀಸಾ ಬಂತು. ಮೆಟ್ಟಿಲಿಳಿದು ಓಡಿಬಂದು ಅಪ್ಪಿಕೊಂಡಳು. "ನಿಮ್ಮ ಫೋಟೋದಿಂದನ ಆತ್ರೀ ಅಕ್ಕಾರ!" ಎಂದಳು. ನಾನು ಅವಳ ಬೆನ್ನು ಸವರಿದೆ.

ಹೋದ ಮೇಲೆ ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು, ಆಮೇಲೆ ಹಬ್ಬಕ್ಕೊಮ್ಮೆ. ಈಗ ಆ ನಂಬರು ಬಳಕೆಯಲ್ಲಿಲ್ಲ ಎನ್ನುತ್ತದೆ.

ಫೋಟೋಗಳೆಲ್ಲ ನನ್ನ ಫೋನಿನಲ್ಲಿ ಹಾಗೇ ಇವೆ. ಒಂದೊಂದಾಗಿ ಸರಿಸುತ್ತಾ ಹೋದೆ. ನಾನಿರುವುದು ಒಂದೂ ಇಲ್ಲ, ತೆಗೆದವಳು ನಾನಲ್ಲವೇ. ಮೂರು ವರ್ಷ ಎದುರುಬದುರು ಕೂತವರು ನಾವು. ಅವಳು ನಿನಗೆ ಯಾರಾಗಿದ್ದಳು, ಏನು ಪುರಾವೆ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನಲ್ಲಿ ಇವಿಷ್ಟೇ ಇರುವುದು. ಎಲ್ಲದರಲ್ಲೂ ಅವಳು ಅವನನ್ನೇ ನೋಡುತ್ತಿದ್ದಾಳೆ.