ವೈರ್ ಹಿಡಿಯುವ ಕೆಲಸ

ಬ್ಯಾಟರಿ ಮಷಿನ್ ತರುತ್ತೇನೆ ಎಂದು ನಮ್ಮ ಮನೆಯವರು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು, ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಬಡಿಗತನ ಅವರದು, ಮಷಿನ್ ಅವರದು, ಯಾವುದಾದರೂ ತಂದುಕೊಳ್ಳಲಿ, ನಿನ್ನ ಗಂಟೇನು ಹೋಗುತ್ತದೆ ಎಂದು ಯಾರಾದರೂ ಕೇಳಬಹುದು. ನನ್ನದೇ ಹೋಗುವುದಿತ್ತು. ಅವರ ಮಷಿನ್‌ಗೆ ವೈರ್ ಇತ್ತು, ಆ ವೈರ್ ಹಿಡಿಯಲು ಒಬ್ಬರು ಬೇಕಿತ್ತು, ಆ ಒಬ್ಬರು ನಾನಾಗಿದ್ದೆ. ವೈರೇ ಇಲ್ಲದ ಮಷಿನ್ ಬಂದರೆ ನಾನು ಶಹಾಪುರದ ಮನೆಯಲ್ಲಿ ಅತ್ತೆಯ ಎದುರು ಕುಳಿತು ಹುಣಸೆಹಣ್ಣು ಬಿಡಿಸಬೇಕಾಗುತ್ತಿತ್ತು.

ಮಾವನ ಕಾಲದಲ್ಲಿ ಮನೆಯಲ್ಲಿ ಯಾವ ಮಷಿನ್ನೂ ಇರಲಿಲ್ಲ. ಅವರು ಬಿತ್ತುವ ಕೂರಿಗೆ ಮಾಡುತ್ತಿದ್ದರು, ಬಂಡಿ ಮಾಡುತ್ತಿದ್ದರು. ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನಾಟಿ ಮಾಡುವ ಭತ್ತಕ್ಕೆ ಕೂರಿಗೆ ಯಾಕೆ? ಟ್ರ್ಯಾಕ್ಟರ್ ಬಂದು ಬಂಡಿಯೂ ಮೂಲೆಗೆ ಸೇರಿತು. ಆದರೆ ಭತ್ತ ಬೆಳೆದವರು ಸುಮ್ಮನಿರಲಿಲ್ಲ, ಮನೆ ಕಟ್ಟಿಸತೊಡಗಿದರು. ಮನೆ ಎಂದ ಮೇಲೆ ಬಾಗಿಲು, ಕಿಟಕಿ ಬೇಕೇ ಬೇಕು. ಅಪ್ಪನ ಕೈಯಿಂದ ಕಸಿದ ಕೆಲಸವನ್ನು ಕಾಲುವೆ ಮಗನ ಕೈಗೆ ಬೇರೆ ರೂಪದಲ್ಲಿ ಕೊಟ್ಟಿತು. ಕಾಲುವೆಯನ್ನು ಬೈಯಬೇಕೋ ಹೊಗಳಬೇಕೋ ಎಂಬುದನ್ನು ಮಾವ ಕೊನೆಯವರೆಗೂ ತೀರ್ಮಾನಿಸಲಿಲ್ಲ.

ನನ್ನ ಮದುವೆಯಾದ ಹೊಸತರಲ್ಲಿ ಇವರು ಯಾದಗಿರಿಗೆ ಹೋಗಿ ವೈರಿನ ಗರಗಸ, ಮರ ನುಣುಪು ಮಾಡುವ ವೈರಿನ ರಂದಾ, ವೈರಿನ ಡ್ರಿಲ್ ತಂದರು. ಒಂದು ದಿನ ದೋರನಹಳ್ಳಿಯ ಒಂದು ಮನೆಯಲ್ಲಿ ಹಲಗೆ ಕೊಯ್ಯುವಾಗ ಹಲಗೆಯ ಜೊತೆಗೆ ತಮ್ಮ ಗರಗಸದ ವೈರನ್ನೂ ಕೊಯ್ದುಬಿಟ್ಟರು. ಢಬ್ ಎಂದು ಸದ್ದಾಗಿ, ಕಿಡಿ ಹಾರಿ, ಆ ಮನೆಯ ಫ್ಯೂಜು ಹೋಯಿತು. ಇವರಿಗೆ ಏನೂ ಆಗಲಿಲ್ಲ. ಸುದ್ದಿ ಕೇಳಿದ ಅತ್ತೆ ಮಾತ್ರ ಎದೆ ಒಡೆದುಕೊಂಡರು. ಆಗ ಇವರು ತಾಯಿಗೆ, "ವೈರ್ ಹಿಡ್ಯಾಕ ಒಬ್ಬರು ಬೇಕವ್ವ. ಹೊರಗಿನವರನ್ನ ನಂಬಾಕ ಆಗಂಗಿಲ್ಲ. ಇಕಿನ್ನ ಕರಕೊಂಡು ಹೋಗ್ತೀನಿ" ಎಂದರು. ಸೊಸೆ ಊರೂರು ತಿರುಗುವುದು ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಮಗನ ಜೀವದ ಮಾತು ಬಂದಾಗ ಅವರು ಇನ್ನೇನು ಹೇಳಿಯಾರು? ಮರುದಿನವೇ ನಾನು ಸೆರಗು ಸಿಕ್ಕಿಸಿಕೊಂಡು ಗಾಡಿಯ ಹಿಂದೆ ಕುಳಿತೆ. ಮಕ್ಕಳಾದ ಮೇಲೂ ಅವರನ್ನು ಅತ್ತೆಯ ಮಡಿಲಿಗೆ ಹಾಕಿ ಹೊರಡುತ್ತಿದ್ದೆ.

ವೈರ್ ಹಿಡಿಯುವುದು ಕೆಲಸವೇ ಎಂದು ನಗುವವರಿದ್ದರು. ನಗಲಿ. ಹೊಸದಾಗಿ ಕಟ್ಟುವ ಮನೆಗೆ ಮೀಟರು ಬಂದಿರುವುದಿಲ್ಲ. ಪಕ್ಕದ ಮನೆಗೆ ಹೋಗಿ ಕರೆಂಟು ಕೇಳಿ ಪಡೆಯಬೇಕು. ಇವರು ಹೋಗಿ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ. ಮುಖ ಗಂಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಮನುಷ್ಯನಿಗೆ ಯಾರು ಕೊಡುತ್ತಾರೆ? ನಾನು ಹೋಗಿ, "ಅಕ್ಕಾ, ಎರಡು ತಾಸು ಕರೆಂಟ್ ಕೊಡ್ರಿ, ನಿಮ್ಮ ಒಲಿಮುಂದ ಕುಂದ್ರಾಕ ಬೇಕಂದ್ರ ಒಂದು ಮಣಿ ಮಾಡಿಕೊಡ್ತೀವಿ" ಎನ್ನುತ್ತಿದ್ದೆ. ಅವರ ಕಿಟಕಿಯಿಂದ ವೈರ್ ಎಳೆದು ತರುವಷ್ಟರಲ್ಲಿ ಒಂದು ಕಪ್ಪು ಚಹಾ ಕುಡಿದಿರುತ್ತಿದ್ದೆ. ಆ ಮನೆಯ ಸೊಸೆಗೆ ಯಾವ ತಿಂಗಳು ಎಂಬುದೂ ಗೊತ್ತಾಗಿರುತ್ತಿತ್ತು. ಸುರಪುರದ ಓಣಿಗಳಲ್ಲಿ ಈಗಲೂ ನನ್ನನ್ನು ಕರೆಂಟಿನಕ್ಕ ಎಂದು ಕರೆಯುವವರಿದ್ದಾರೆ.

ಇನ್ನು ಕರೆಂಟು ಹೋಯಿತೆಂದರೆ ನನಗೆ ಹಬ್ಬ. ಅದು ಹೋಗುತ್ತಲೂ ಇತ್ತು, ದೇವರು ಒಳ್ಳೆಯದು ಮಾಡಲಿ. ಮಷಿನ್ ತಟ್ಟನೆ ನಿಲ್ಲುತ್ತಿತ್ತು, ಕಿವಿಗೆ ಜೀವ ಬರುತ್ತಿತ್ತು. ಹತ್ತಿರದಲ್ಲಿ ಕಾಲುವೆ ಇದ್ದರೆ ಅದರ ಒಡ್ಡಿನ ಮೇಲಿನ ಬೇವಿನ ನೆರಳಿಗೆ ಹೋಗಿ ಬುತ್ತಿ ಬಿಚ್ಚುತ್ತಿದ್ದೆವು. ಮನೆಯಲ್ಲಿ ನಾಲ್ಕು ಜನರ ನಡುವೆ ತುಟಿ ಬಿಚ್ಚದ ಮನುಷ್ಯ ಅಲ್ಲಿ ಬಾಯಿ ತೆರೆಯುತ್ತಿದ್ದರು. ಚಿಕ್ಕಂದಿನಲ್ಲಿ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಊರವರೆಲ್ಲ ಓಡಿಹೋಗಿ ಕಾಲು ತೋಯಿಸಿಕೊಂಡದ್ದು, ಶಾಲೆ ಬಿಡಿಸಿದ ದಿನ ಅಟ್ಟದ ಮೇಲೆ ಅಡಗಿ ಕುಳಿತದ್ದು, ಎಲ್ಲ ನನಗೆ ಗೊತ್ತಾದದ್ದು ಆ ಬೇವಿನ ಕೆಳಗೆ. ಎದುರಿಗೆ ಗದ್ದೆಯಲ್ಲಿ ಹೆಣ್ಣುಮಕ್ಕಳು ನಾಟಿ ಮಾಡುತ್ತ ಹಾಡುತ್ತಿದ್ದರು. ಕರೆಂಟು ಬೇಗ ಬಂದರೆ ನನಗೆ ಸಿಟ್ಟೇ ಬರುತ್ತಿತ್ತು. ನಮ್ಮ ಸಂಸಾರ ನಡೆದದ್ದು ಮನೆಯಲ್ಲಿ ಇರಬಹುದು, ಬೆಳೆದದ್ದು ಮಾತ್ರ ಅಲ್ಲಿಯೇ.

ಹೀಗಿರುವಾಗ ಇವರು ಒಬ್ಬರೇ ಕಡೇಚೂರಿಗೆ ಒಂದು ಕೆಲಸದ ಮಾತಿಗೆ ಹೋದರು. ಅಲ್ಲಿ ಕಾರ್ಖಾನೆಯ ಶೆಡ್ಡು ಕಟ್ಟುವವರ ಕೈಯಲ್ಲಿ ಬ್ಯಾಟರಿ ಮಷಿನ್ ನೋಡಿದರು. ನೋಡಿದ್ದೇ ತಡ, ಹುಚ್ಚು ಹಿಡಿಯಿತು. "ಏಣಿ ಮ್ಯಾಲ ಒಂದು ಕೈಲೆ ಸ್ಕ್ರೂ ಬಿಗಿಯಾಕತ್ತಿದ್ರು ನೋಡು. ಕರೆಂಟಿನ ಗೊಡವಿ ಇಲ್ಲ, ಎಡವಿ ಬೀಳೋ ಮಾತಿಲ್ಲ" ಎಂದು ಊಟದ ಹೊತ್ತಿಗೆಲ್ಲ ಅದೇ ವರ್ಣನೆ.

ನಾನೂ ಬಿಡಲಿಲ್ಲ. ಇಷ್ಟು ವರ್ಷ ಮಷಿನ್‌ಗಳ ಪಕ್ಕ ನಿಂತವಳು, ನನಗೂ ನಾಲ್ಕು ಮಾತು ಗೊತ್ತಿತ್ತು. "ಜಾಲಿ ಕಟಗಿಗೆ ಬ್ಯಾಟರಿ ದಮ್ಮು ಸಾಲಂಗಿಲ್ರಿ" ಎಂದೆ. "ಚೌಕಟ್ಟಿಗೆ ರಂದಾ ಹೊಡ್ಯಾಕ ಹೋದ್ರ ಅರ್ಧಕ್ಕ ಸತ್ತು ಕುಂದರ್ತದ. ನಮ್ಮ ಬ್ಯಾಸಿಗಿಗೆ ಮನುಷ್ಯಾರೇ ಕಾಯ್ತಾರ, ಬ್ಯಾಟರಿ ಕಾಯಂಗಿಲ್ಲೇನು? ಅದನ್ನ ಚಾರ್ಜ್ ಮಾಡ್ಲಿಕ್ಕೂ ಕರೆಂಟೇ ಬೇಕಲ್ಲ?"

"ರಾತ್ರಿ ಮನ್ಯಾಗ ಹಚ್ಚಿಟ್ರ ಆಯ್ತು" ಎಂದರು. ರಂದಾ ಮತ್ತು ಗರಗಸ ವೈರಿನವೇ ಇರಲಿ, ನಮ್ಮ ಬಡಿಗತನದ ಅಂಗಡಿಯಲ್ಲೇ ಕೊಯ್ದು ಕೆತ್ತಿ ಮುಗಿಸುತ್ತೇನೆ, ಊರುಗಳಿಗೆ ಹೋಗಿ ಕೂಡಿಸುವ ಕೆಲಸಕ್ಕೆ ಬ್ಯಾಟರಿ ಡ್ರಿಲ್ ಸಾಕು ಎಂದು ಅವರು ಲೆಕ್ಕ ಹಾಕಿದ್ದರು. ಅದು ಸರಿಯಾದ ಲೆಕ್ಕ. ಅದು ಸರಿ ಎಂದು ಗೊತ್ತಿದ್ದುದರಿಂದಲೇ ನಾನು ಇನ್ನಷ್ಟು ವಾದ ಮಾಡಿದೆ. ನನ್ನನ್ನು ಬಿಟ್ಟು ಹೋಗಬೇಡಿ ಎಂಬ ಒಂದು ಮಾತನ್ನು ಬಿಟ್ಟು ಉಳಿದ ಎಲ್ಲ ಮಾತನ್ನೂ ನಾನು ಆಡಿದೆ.

ಡ್ರಿಲ್ ಬಂತು. ಕೈಗೆ ಹಗುರ, ನೋಡಲು ಚೆಂದ, ಜೊತೆಗೆ ಎರಡು ಬ್ಯಾಟರಿ. ಮರುದಿನ ಬೆಳಿಗ್ಗೆ ಇವರು ಅದನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ತೆಗೆದರು. ನಾನು ಹೊಸ್ತಿಲಲ್ಲಿ ನಿಂತೆ. ಒಂದು ಸಲ ಹಿಂತಿರುಗಿ ನೋಡಿ ಹೋದರು. "ಇನ್ನಾದ್ರೂ ಮನ್ಯಾಗ ನಿಂದ್ರವ್ವ ತಾಯಿ" ಎಂದು ಅತ್ತೆ ಹುಣಸೆಹಣ್ಣಿನ ಬುಟ್ಟಿ ನನ್ನ ಮುಂದಿಟ್ಟರು. ಆಗ ಹುಣಸೆ ಬಿಡಿಸಿದ ಸಿಟ್ಟಿಗೆ ಬೀಜಗಳೇ ಪುಡಿಯಾಗಬೇಕಿತ್ತು. ಸಂಜೆ ಇವರು ಬೇಗನೆ ಬರುತ್ತಿದ್ದರು. ಕೆಲಸ ಹೇಗಾಯಿತು ಎಂದು ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ತುಟಿ ಬಿಚ್ಚದ ಆ ಹಳೆಯ ಮನುಷ್ಯ ಮತ್ತೆ ಮನೆಗೆ ಬಂದು ಕುಳಿತಿದ್ದ. ನನಗೆ ಅಳು ಬರುತ್ತಿತ್ತು.

ಆಮೇಲೆ ತಿಂಥಣಿಯಿಂದ ಒಂದು ಫೋನು ಬಂತು. ಇವರು ಅಂಗಡಿಯಲ್ಲಿದ್ದರು, ನಾನೇ ಎತ್ತಿದೆ. ವಾರದ ಹಿಂದೆ ಇವರು ಬಾಗಿಲು ಕೂಡಿಸಿ ಬಂದಿದ್ದ ಮನೆಯ ಹೆಣ್ಣುಮಗಳು. "ಅಕ್ಕಾರ, ನಿಮ್ಮವರು ಚಿಲಕ ಎಲ್ಲಿ ಹಾಕ್ಯಾರ ಗೊತ್ತೇನ್ರಿ? ನನ್ನ ಕೈಗೇ ನಿಲುಕಂಗಿಲ್ಲ. ದಿನಾ ಕೊಡ ಡಬ್ಬ ಹಾಕಿ ಅದರ ಮ್ಯಾಲ ಹತ್ತಿ ಚಿಲಕ ಹಾಕಾಕತ್ತೀನಿ" ಎಂದಳು. ಅವಳ ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುವವನು. ಉಳಿದ ದಿನ ಅವಳು ಸಣ್ಣ ಮಕ್ಕಳೊಂದಿಗೆ ಒಬ್ಬಳೇ. ಇವರು ತಮ್ಮ ಎತ್ತರಕ್ಕೆ ಚಿಲಕ ಹೊಡೆದು ಕೈ ಜಾಡಿಸಿಕೊಂಡು ಬಂದಿದ್ದರು. ನಾನಿದ್ದಾಗ ಹಾಗಾಗುತ್ತಿರಲಿಲ್ಲ. ಚಿಲಕ ಹೊಡೆಯುವ ಮೊದಲು ಮನೆಯಾಕೆಯನ್ನು ಕರೆದು, ಕೈ ಎತ್ತು ತಾಯಿ ಎಂದು ಹೇಳಿ, ಅವಳ ಬೆರಳು ಮುಟ್ಟಿದಲ್ಲಿ ನಾನೇ ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಅದು ವೈರ್ ಹಿಡಿಯುವುದರ ಜೊತೆಗೆ ತಾನಾಗಿಯೇ ನಡೆದುಹೋಗುತ್ತಿತ್ತು. ಅದನ್ನು ಕೆಲಸ ಎಂದು ನಾನೂ ಎಣಿಸಿರಲಿಲ್ಲ.

ಸಂಜೆ ಇವರಿಗೆ ಹೇಳಿದೆ, ಸ್ವಲ್ಪ ಖುಷಿಯಿಂದಲೇ ಹೇಳಿದೆ. ಅವರು ತಲೆ ಕೆರೆದುಕೊಂಡು, "ನಾಳಿ ನೀನೂ ಬಾ" ಎಂದರು.

ತಿಂಥಣಿಯಲ್ಲಿ ಆ ಹೆಣ್ಣುಮಗಳು ಕೈ ಎತ್ತಿದಳು, ನಾನು ಗುರುತು ಹಾಕಿದೆ. ಇವರು ಮೇಲಿನ ಚಿಲಕ ಬಿಚ್ಚಿ ಗುರುತಿದ್ದಲ್ಲಿ ಹೊಸ ತೂತು ಕೊರೆದರು. ಡ್ರಿಲ್ ಗುಯ್ ಎಂದು ಎರಡು ಗಳಿಗೆಯಲ್ಲಿ ಕೆಲಸ ಮುಗಿಸಿತು. ನನ್ನ ಎರಡೂ ಕೈ ಖಾಲಿ ಇದ್ದವು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಯಾಕೆ ಚಹಾ ಮಾಡಲು ಒಳಗೆ ಹೋದಾಗ ತಡೆಯಲಾಗದೆ, "ಇನ್ನ ನಾ ಯಾತಕ್ಕ ಬೇಕ್ರಿ ನಿಮಗ? ವೈರ್ ಹೋತು, ನಾನೂ ಹೋದ್ನಿ" ಎಂದುಬಿಟ್ಟೆ.

ಇವರು ಡ್ರಿಲ್ ಕೆಳಗಿಟ್ಟರು. "ಹುಚ್ಚಿ ಇದ್ದಿ ಏನು? ವೈರ್ ಹಿಡ್ಯಾಕ ನಿನ್ನ ಕರಕೊಂಡು ಹೋಗ್ತಿದ್ನೇನು? ಗ್ವಾಡಿಗೆ ಒಂದು ಮೊಳಿ ಬಡದು ಸಿಕ್ಕಿಸಿದ್ರ ವೈರ್ ತನ್ನಷ್ಟಕ್ಕ ತಾನ ನಿಂದರ್ತಿತ್ತು."

"ಹಂಗಾರ ಇಷ್ಟು ವರ್ಷ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ?" ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅವ್ವನ ಮುಂದ ಏನಂತ ಹೇಳ್ಲಿ? ಹೆಂಡ್ತಿ ಬಾಜೂಕ ಇಲ್ಲಂದ್ರ ಕೆಲಸದಾಗ ಮನಸ್ಸು ನಿಂದ್ರಂಗಿಲ್ಲ ಅಂತ ಹೇಳ್ಲೇನು?" ಎಂದವರು ನನ್ನ ಮುಖ ನೋಡಲಾರದೆ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದು ಮಾಡಿದರು.

ಕೆಳಗಿಟ್ಟಿದ್ದ ಡ್ರಿಲ್ಲನ್ನು ನಾನೇ ಎತ್ತಿ ಚೀಲಕ್ಕೆ ಹಾಕಿದೆ. ಅಷ್ಟು ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಂಡು ಗಾಡಿಯ ಹತ್ತಿರ ಹೋದೆ. ಅತ್ತೆ ಕಟ್ಟೆಯ ಮೇಲಿಂದ, "ಈಗ ವೈರ್ ಎಲ್ಲದ? ನೀ ಯಾಕ ಹೊಂಟಿ?" ಎಂದು ಕೇಳಿದರು.

ಇವರು ಗಾಡಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದರು. ನಾನು ಹಿಂದೆ ಹತ್ತಿ ಕುಳಿತು, "ಸುಮ್ನ ಹೊಂಟೀನ್ರಿ ಅತ್ತಿ, ಇವರ ಜೋಡಿ" ಎಂದೆ.