ಮಗಳು ಗುಡ್ಡ ಇಳಿಯದ ಸೋಮವಾರ

ಶನಿವಾರ ಬೆಳಿಗ್ಗೆ ಮಗಳು ರೈಲಿನಿಂದಲೇ ಫೋನು ಮಾಡಿದ್ದಳು. ಓದಲೆಂದು ಜಪಾನಿಗೆ ಹೋಗಿದ್ದ ಅವಳಿಗೆ ಅದು ಎರಡನೆಯ ಸೆಮಿಸ್ಟರ್. ಊರಾಚೆ ಒಂದು ಗುಡ್ಡವಿದೆ, ಮೇಲೆ ಮೂರು ಹಳೆಯ ಗುಡಿಗಳಿವೆ, ಒಂದರಿಂದ ಒಂದಕ್ಕೆ ಕಾಡಿನಲ್ಲಿ ನಡೆದೇ ಹೋಗಬೇಕು, ರಾತ್ರಿ ಅಲ್ಲೇ ಉಳಿದು ಭಾನುವಾರ ಸಂಜೆಯೊಳಗೆ ರೂಮಿಗೆ ಬರುತ್ತೇನೆ ಎಂದಳು. ಜೊತೆಗೆ ಯಾರು ಎಂದೆ.

"ಅಕೇಲಿ, ಮಮ್ಮಿ. ಇಲ್ಲಿ ಎಲ್ಲಾರೂ ಹಂಗೇ ಹೋಗ್ತಾರ."

ಘಾಟ್ಕೋಪರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ನಡುವೆ ಹಿಂದಿ ಬಾರದೆ ಅವಳ ಕನ್ನಡ ಮುಂದೆ ಸಾಗುವುದಿಲ್ಲ.

ಭಾನುವಾರ ಸಂಜೆ ಸುದ್ದಿಯಿಲ್ಲ. ನಾನು ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್. ನನ್ನ ಗಂಡ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಸುಲಭಕ್ಕೆ ಗಾಬರಿಯಾಗದ ವಿಜಯಪುರದ ಮನುಷ್ಯ. "ಗುಡ್ಡದಾಗ ರೇಂಜ್ ಎಲ್ಲಿರ್ತದ? ಬರ್ತಾಳ ಬಿಡು," ಎಂದರು. ಹಾಗೆಂದವರೇ ಮತ್ತೆ ಮತ್ತೆ ನನ್ನ ಫೋನು ಎತ್ತಿ ನೋಡುತ್ತಿದ್ದರು. ನಾನು ಆ ಗುಡ್ಡದ ಫೋಟೋ ಹುಡುಕಿದೆ. ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲು, ಒಂದು ಬದಿಗೆ ಕಮರಿ. ನೋಡಬಾರದಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ, ಅಲ್ಲಿ ಒಂಬತ್ತೂವರೆ, ಅವಳ ಕಾಲೇಜಿಗೆ ಫೋನು ಹಚ್ಚಿದೆವು. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳು ತಡೆದು ತಡೆದು ಇಂಗ್ಲಿಷಿನಲ್ಲಿ ಮಾತಾಡಿದಳು. ಸ್ವಲ್ಪ ಕಾಯಿರಿ ಎಂದು ಹೋಗಿ, ಬಂದು ಹೇಳಿದಳು: ನಿಮ್ಮ ಮಗಳು ಮೂರು ವಾರದಿಂದ ಕ್ಲಾಸಿಗೇ ಬಂದಿಲ್ಲ.

ಆ ಮೂರು ವಾರವೂ ಮಗಳು ದಿನಾ ಫೋನು ಮಾಡಿದ್ದಳು. ಲ್ಯಾಬಿನಲ್ಲಿ ಇವತ್ತು ಏನು ಮಾಡಿದೆ, ಪ್ರೊಫೆಸರು ಏನಂದರು, ಎಲ್ಲ ಹೇಳಿದ್ದಳು. ನಾನು ಚಪಾತಿ ಬೇಯಿಸುತ್ತ ಸ್ಪೀಕರಿನಲ್ಲಿ ಕೇಳಿ ಹೂಂ ಅಂದಿದ್ದೆ.

ಶಿಫ್ಟಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದ ಗಂಡ ಬಾಗಿಲ ಬಳಿ ನೆಲದ ಮೇಲೇ ಕೂತುಬಿಟ್ಟರು. "ಆಕಿ ಗುಡಿ ನೋಡಾಕ ಹೋಗಿಲ್ಲ," ಎಂದರು.

"ಬಾಯಿ ಮುಚ್ರಿ," ಎಂದೆ. ನನಗೂ ಅದೇ ವಿಚಾರ ಬಂದಿತ್ತು. ಅವರು ಬಾಯಿಬಿಟ್ಟು ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಜಪಾನಿಗೆ ಹೋಗುವ ಮೊದಲು ಮಗಳಿಗೆ ಅಲ್ಲಿನ ಭಾಷೆ ಕಲಿಸಿದ ಮೇಡಂ ಒಬ್ಬರು ಬೊರಿವಲಿಯಲ್ಲಿದ್ದರು. ಅವರಿಗೆ ಫೋನು ಮಾಡಿದೆ. ಜಪಾನಿನ ಪೊಲೀಸರ ಜೊತೆ ನಾನು ಮಾತಾಡುತ್ತೇನೆ, ಪಾಸ್‌ಪೋರ್ಟಿನ ಕಾಪಿ ಕಳಿಸಿ ಎಂದರು. ಕಳಿಸಿದೆ. ಆದರೂ ಮನೆಯಲ್ಲಿ ಕೂರಲಾಗದೆ, ಗಂಡನನ್ನು ಅವರ ಫೋನಿನ ಮುಂದೆ ಬಿಟ್ಟು ಬೊರಿವಲಿಗೆ ಹೊರಟೆ. ಮೆಟ್ರೋದಲ್ಲಿ ಉಸಿರಾಡಲು ಜಾಗವಿಲ್ಲ. ಅಸಲ್ಫಾ ದಾಟಿದ ಮೇಲೆ ಬ್ಯಾಗಿನೊಳಗೆ ಫೋನು ಅದುರಿತು. ಬ್ಯಾಗು ಇಬ್ಬರ ನಡುವೆ ಸಿಕ್ಕಿಕೊಂಡಿತ್ತು, ಕೈ ಇಳಿಸಲಾಗಲಿಲ್ಲ. "ಮೇರಾ ಫೋನ್, ಮೇರಾ ಫೋನ್," ಎಂದೆ. ಪಕ್ಕದವಳು ಕಳುವಾಯಿತೆಂದುಕೊಂಡು ತನ್ನ ಬ್ಯಾಗು ಹಿಡಿದುಕೊಂಡಳು. ಅದುರುವುದು ನಿಂತಿತು.

ಸಾಕಿ ನಾಕಾದಲ್ಲಿ ಜನರನ್ನು ನೂಕಿ ಇಳಿದೆ. ಪರದೇಶದ ನಂಬರು. ತಿರುಗಿ ಹಚ್ಚಿದರೆ ಎಂಗೇಜ್, ಮತ್ತೆ ಎಂಗೇಜ್. ಆ ಕಡೆಯಿಂದ ಮಗಳೂ ನನಗೇ ಹಚ್ಚುತ್ತಿದ್ದಳಂತೆ. ನಾನು ಹಚ್ಚುವುದು ಬಿಟ್ಟಾಗ ಫೋನು ತಾನೇ ಬಡಿದುಕೊಂಡಿತು.

"ಮಮ್ಮಿ?"

"ಎಲ್ಲಿದ್ದಿ?"

"ಮ್ಯಾಲೇ ಇದ್ದೀನಿ. ಫೋನ್ ಮಳ್ಯಾಗ ಬಂದ್ ಆತು. ಇದು ಇಲ್ಲಿ ಗುಡ್ಯಾಗಿನ ಅಜ್ಜೀದು."

"ನಿನ್ನೇನೇ ಇಳೀತೀನಿ ಅಂದಿದ್ದಿ."

"ಇಳಿಯೂ ಮನಸ್ಸೇ ಆಗ್ಲಿಲ್ಲ. ಮೂರನೇ ಗುಡಿ ಮುಂದ ಕೂತೆ, ಕತ್ತಲಾತು. ಅಜ್ಜಿ ಒಳಗ ಕರ್ಕೊಂಡು ಹೋದಳು."

ಬದುಕಿದ್ದಾಳೆ. ಆಗ ನನ್ನ ಬಾಯಿಂದ ಬಂದ ಮಾತು ಇದು: "ಮೂರು ವಾರದಿಂದ ಕ್ಲಾಸಿಗೆ ಹೋಗಿಲ್ಲಂತ. ನನ್ನ ಮುಂದ ಯಾಕ ಸುಳ್ಳು ಹೇಳಿದಿ?"

ಅವಳು ಅಳಲಾರಂಭಿಸಿದಳು. "ಮುಝಸೇ ನಹೀಂ ಹೋತಾ, ಮಮ್ಮಿ," ಎಂದಳು. ನನ್ನಿಂದ ಆಗುವುದಿಲ್ಲ, ಅದನ್ನೇ ಮತ್ತೆ ಮತ್ತೆ ಅಂದಳು. ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ಬಂದು ಹೋದವು.

ಅಜ್ಜಿಗೆ ಫೋನು ಕೊಡು ಎಂದೆ. ಅಜ್ಜಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. "ಆಕೀನ್ನ ಒಬ್ಬಾಕೀನ್ನೇ ಕೆಳಗ ಬಿಡಬ್ಯಾಡ್ರಿ," ಎಂದು ಕನ್ನಡದಲ್ಲೇ ಹೇಳಿದೆ. ಆ ಕಡೆಯಿಂದ "ಹಾಯ್, ಹಾಯ್" ಎಂದು, ಜಪಾನಿಯ ಹೂಂ ಅದು, ಮೆತ್ತಗೆ ಕೇಳಿಸಿತು. ಏನು ತಿಳಿಯಿತೋ. ಆಮೇಲೆ ಮೇಡಂ ಅದೇ ನಂಬರಿಗೆ ಮಾತಾಡಿ ಎಲ್ಲ ಬಿಡಿಸಿ ಹೇಳಿದರು. ಕಾಲೇಜಿನವರು ಸಂಜೆಗೆ ಜನ ಕಳಿಸಿ ಅವಳನ್ನು ಕರೆತಂದರು.

ಎರಡು ವಾರಕ್ಕೆ ಮಗಳು ಮನೆಗೆ ಬಂದಳು. ಓದು ಅಲ್ಲಿಗೇ ನಿಂತಿತು. ಬಿಲ್ಡಿಂಗಿನವರಿಗೆ ರಜೆ ಎಂದೆವು, ಈಗ ಯಾರೂ ಕೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗುತ್ತಾಳೆ, ಗುಳಿಗೆ ನಡೆದಿದೆ. ಒಮ್ಮೆ ಅವರೆಕಾಯಿ ಬಿಡಿಸುತ್ತ, ಗುಡಿ ಮುಂದೆ ಕೂತು ಏನು ವಿಚಾರ ಮಾಡುತ್ತಿದ್ದಿ ಎಂದು ಕೇಳಿದೆ.

"ಅದನ್ನ ಕೇಳಬ್ಯಾಡ, ಮಮ್ಮಿ."

ಮತ್ತೆ ಕೇಳಲಿಲ್ಲ. ಅವಳು ಸ್ನಾನಕ್ಕೆ ಹೋಗಿ ತುಸು ತಡವಾದರೂ ಹೋಗಿ ಬಾಗಿಲು ತಟ್ಟುತ್ತೇನೆ.