ದೀಪ ಆರಲೆಂದು ಕಾಯುವ ದಾನಮ್ಮ

ಮಹಾಪೆ ಕೈಗಾರಿಕಾ ಬಡಾವಣೆಯ ಸಣ್ಣದೊಂದು ಕಾರ್ಖಾನೆ. ಬೆಳಕು ಹರಿಯುವ ಹೊತ್ತಿಗೆ ದಾನಮ್ಮ ಭಟ್ಟಿಯ ಬಾಗಿಲು ತೆರೆಯುತ್ತಾರೆ. ತಟ್ಟೆಯಲ್ಲಿ ಉಗುರಗಲದ ಕಪ್ಪು ಬಿಲ್ಲೆಗಳು ತಣ್ಣಗೆ ಕೂತಿವೆ. ಭಟ್ಟಿಯನ್ನು ಅವರೇ ನಡೆಸಿದ್ದು ಇದೇ ಮೊದಲು. ಬಿಲ್ಲೆ ಸರಿಬಂದರೆ ಭಟ್ಟಿ ಅವರ ಕೈಗೆ. ಕೆಟ್ಟರೆ ಮತ್ತೆ ಕಸಬರಿಗೆ.

ವನೇಡಿಯಂ ಎಂಬ ಲೋಹದ ಪುಡಿಯನ್ನು, ಅಳತೆ ಮಾಡಿ ಒಳಬಿಟ್ಟ ಗಾಳಿಯಲ್ಲಿ ಬೇಯಿಸಿದರೆ ಈ ಬಿಲ್ಲೆ. ತಣ್ಣಗಿದ್ದಾಗ ಅದು ವಿದ್ಯುತ್ತನ್ನು ತಡೆಯುತ್ತದೆ. ಅರವತ್ತೆಂಟು ಡಿಗ್ರಿ ದಾಟಿತೆಂದರೆ, ಕರಗದೆಯೇ, ಲೋಹದಂತೆ ಅದನ್ನು ಹರಿಯಬಿಡುತ್ತದೆ. ಬ್ಯಾಟರಿ ಕಾದಾಗ ಎಚ್ಚರಿಸುವ ಸಾಧನಕ್ಕೆ ಇದು ಬೇಕು. ಮಾಲೀಕ ವಸಂತಕುಮಾರ ಕಾಪು ಕಡೆಯವರು. ತಂಪಿನಲ್ಲಿ ಪರಮಾಣುಗಳು ಜೋಡಿಜೋಡಿಯಾಗಿ ನಿಂತು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತವೆ, ಬಿಸಿಗೆ ಜೋಡಿ ಸಡಿಲಾಗಿ ಎಲೆಕ್ಟ್ರಾನುಗಳು ಓಡಾಡುತ್ತವೆ ಎಂದು ಅವರು ಒಮ್ಮೆ ವಿವರಿಸಿದ್ದರು.

“ನಮ್ಮ ಮನ್ಯಾಗಿನವ್ರೂ ಹಂಗ ರೀ ಸರ. ಹಿಡಿತ ಬಿಟ್ರ ಸಾಕು, ಕಲ್ಯಾಣ ಊರ ತುಂಬ ಅಡ್ಡಾಡ್ತಾರ,” ಎಂದಿದ್ದಳು ಪ್ಯಾಕಿಂಗಿನ ಸಾಬವ್ವ.

ದಾನಮ್ಮ ಸಿಂದಗಿ ಕಡೆಯವರು. ಗಂಡ ಕಳಂಬೋಲಿಯ ಕಬ್ಬಿಣ ಮಾರುಕಟ್ಟೆಯಲ್ಲಿ ಲೋಡಿಂಗ್ ಮಾಡುತ್ತಾರೆ. ಡೊಂಬಿವಲಿಯಿಂದ ಮೊದಲ ಬಸ್ಸು ಹಿಡಿದು ಬರುವ ದಾನಮ್ಮ ವರ್ಷಗಟ್ಟಲೆ ಇಲ್ಲಿ ನೆಲ ಒರೆಸಿದ್ದಾರೆ. ಭಟ್ಟಿಯ ಕೆಲಸವನ್ನು ಅದನ್ನು ನಡೆಸುವವರ ಪಕ್ಕದಲ್ಲಿ ನಿಂತೇ ಕಲಿತರು. ಬೆರಳ ತುದಿಯಲ್ಲಿ ಸುಟ್ಟ ಕಲೆಗಳಿವೆ.

ಈಗ ಒಂದು ಬಿಲ್ಲೆಯನ್ನು ವಿದ್ಯುತ್ತಿನ ಬಿಸಿ ತಟ್ಟೆಯ ಮೇಲಿಟ್ಟು, ಚೆನ್ನಾಗಿ ಕಾದಮೇಲೆ ಬ್ಯಾಟರಿ, ಪುಟ್ಟ ಬಲ್ಬು ಜೋಡಿಸತೊಡಗುತ್ತಾರೆ. ಭಟ್ಟಿಗೆ ಗಾಳಿ ಹೆಚ್ಚಾಗಿದ್ದರೆ ಬಲ್ಬು ಹತ್ತುವುದೇ ಇಲ್ಲ. ತಂತಿ ತಾಗುತ್ತದೆ. ಬಲ್ಬು ಹತ್ತುತ್ತದೆ.

ಗೆದ್ದಿತೆಂದು ಸಾಬವ್ವ ಚಹಾ ಕೇಳುತ್ತಾಳೆ. ದಾನಮ್ಮ ನಗುವುದಿಲ್ಲ. “ತಡಿ. ಹತ್ತೂದು ದೊಡ್ಡದಲ್ಲ. ಆರಬೇಕು.” ಗಾಳಿ ಕಡಿಮೆಯಾಗಿದ್ದರೆ ಬಿಲ್ಲೆ ಸದಾ ಲೋಹವಾಗಿಯೇ ಉಳಿಯುತ್ತದೆ, ಅಂಥದ್ದು ಎಚ್ಚರಿಸಲಾರದು.

“ದೀಪ ಆರಲಿ ಅನಬಾರದವ್ವಾ. ಶಾಂತ ಆಗ್ಲಿ ಅನ್ನು,” ಎಂದು ಸಾಬವ್ವ ಗದರುತ್ತಾಳೆ.

ದಾನಮ್ಮ ಹಾಗೆಯೇ ಅಂದು, ತಟ್ಟೆಯ ಸ್ವಿಚ್ಚು ಬಂದ್ ಮಾಡುತ್ತಾರೆ. ಕಾವು ಅರವತ್ತೆಂಟಕ್ಕಿಂತ ಕೆಳಗಿಳಿದರೂ ಬಲ್ಬು ಉರಿಯುತ್ತಲೇ ಇದೆ. ಹತ್ತಿದ ಕಾವಿಗಿಂತ ತುಸು ಕೆಳಗೆ ಬಂದಮೇಲೇ ಆರುವುದು ಇದರ ಗುಣ. ಗೊತ್ತಿದ್ದರೂ ಸಾಬವ್ವ ಸೆರಗು ಕಚ್ಚುತ್ತಾಳೆ. ವಸಂತಕುಮಾರ ಬಾಗಿಲಲ್ಲೇ ನಿಂತಿದ್ದಾರೆ.

ಬಲ್ಬು ತಟ್ಟನೆ ಆರುತ್ತದೆ.

ಮತ್ತೆ ಕಾಯಿಸಿದರೆ ಹತ್ತುತ್ತದೆ, ತಣಿಸಿದರೆ ಆರುತ್ತದೆ. ಉಳಿದ ಬಿಲ್ಲೆಗಳೂ ಹಾಗೆಯೇ. ಸಾಬವ್ವನ ಚಹಾ ಬರುತ್ತದೆ, ಜತೆಗೆ ಬಿಸಿ ವಡಾಪಾವ್.

“ಇನ್ನು ಭಟ್ಟಿ ನಿಮ್ಮದೇ ಆಯ್ತಲ್ಲ ದಾನಮ್ಮ. ಎಂತ ಬೇಕು, ಹೇಳಿ,” ಎನ್ನುತ್ತಾರೆ ವಸಂತಕುಮಾರ.

ದಾನಮ್ಮ ಯೋಚಿಸುವುದಿಲ್ಲ. “ಭಟ್ಟಿ ಬಾಗಲಾ ನನಗ ಎತ್ತರ ಆಗ್ತದ ರೀ ಸರ. ಹತ್ತಿ ನಿಲ್ಲಾಕ ಒಂದು ಕಟಗಿ ಮಣಿ ಮಾಡಿಸ್ರಿ. ನನ್ನ ಅಳತೀದು.”